ಹನ್ನೊಂದನೇ ನಂಬರಿನ ಎಡಗೈ ಆಟಗಾರ

ಅಪ್ಪಾ,

ನೀನು ಬದುಕಿದ್ದಾಗ ಒಂದು ಸಾಲೂ ಬರೆಯಲಿಲ್ಲ. ಸತ್ತ ಮೇಲೆ ಬರೆಯುತ್ತಿದ್ದೇನೆ.

ಇವತ್ತು ನಿನ್ನ ಮೊಮ್ಮಗಳು ಅಂಗೈಯಗಲದ ಗೇಮ್‌ನಲ್ಲಿ ಬೇಸ್‌ಬಾಲ್ ಆಡುತ್ತಿದ್ದಳು. ನಿನ್ನ ಕಾಲದ ತಂಡಗಳೆಲ್ಲ ಅದರಲ್ಲಿವೆ. ಆಟಗಾರರ ಸಂಘ ಪರವಾನಗಿ ಕೊಟ್ಟ ಗೇಮ್ ಅದು, ಹಾಗಾಗಿ ಎಲ್ಲರದ್ದೂ ನಿಜವಾದ ಹೆಸರು, ನಿನ್ನದೊಂದನ್ನು ಬಿಟ್ಟು. ಆಟಗಾರರೆಲ್ಲ ಮುಷ್ಕರ ಹೂಡಿದ ವರ್ಷ, ತಂಡದ ಮಾಲೀಕರು ಕರೆದರೆಂದು ಮೈದಾನಕ್ಕಿಳಿದವನ ಹೆಸರನ್ನು ಸಂಘ ಕೊಡುವುದಿಲ್ಲ. ನಿನ್ನ ಹನ್ನೊಂದನೇ ನಂಬರು, ಎಡಗೈ ಹೊಡೆತ, ಹೊಡೆಯುವ ಮುನ್ನ ನೆಲ ಕೆರೆಯುವ ಚಾಳಿ ಎಲ್ಲ ಇದೆ. ಹೆಸರು ಮಾತ್ರ ಯಾರದೋ.

"ಅಮ್ಮಾ, ಇದು ತಾತನೇ ಅಲ್ವಾ? ಹೆಸರು ಬದಲಾಯಿಸ್ಬಹುದು. ತಾತಂದು ಹಾಕ್ಲಾ?"

"ಬೇಡ ಕಣೇ. ಸಂಘ ಹೊಡೆದುಹಾಕಿದ್ದನ್ನ ನಾನು ಬರೆಯಲ್ಲ."

"ಹಾಗಾದ್ರೆ ತಂಡದಿಂದಲೇ ತೆಗೀತೀನಿ. ಓಡೋದೇ ಇಲ್ಲ, ಆಮೆ!"

"ಮುಟ್ಟಿದ್ರೆ ನೋಡು!" ಎಂದು ಕಿರುಚಿದೆ. ಅವಳು ಬೆಚ್ಚಿದಳು. ನಾನೂ.

ನಾಳೆ ನಮ್ಮ ಕಾರ್ಖಾನೆಯಲ್ಲಿ ಮುಷ್ಕರ. ಗೇಟಿನ ಮುಂದೆ ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ. ನೀನು ಮಾಡಿದ್ದು ತಪ್ಪೇ, ಅದರಲ್ಲಿ ರಾಜಿಯಿಲ್ಲ. ಕೆಲಸಕ್ಕೆಂದು ಒಳಗೆ ಹೊರಟವರನ್ನು ಅಡ್ಡಗಟ್ಟಿಯೇ ತೀರುತ್ತೇನೆ. ಆದರೆ ಬೈಯುವ ಮುನ್ನ, ಮನೆಯಲ್ಲಿ ಏನಾಗಿದೆ ಎಂದು ಕೇಳುತ್ತೇನೆ.

ನಿನ್ನನ್ನು ಕೇಳಿರಲಿಲ್ಲ.