ತೂಬಿನ ಗೋವಿಂದಯ್ಯನವರಿಗೆ ಬಂದ ನೋಟಿಸು

ಮಾನ್ಯರೇ,

ತುರುವೇಕೆರೆ ಕಡೆಯ ನಮ್ಮೂರ ಕೆರೆಯ ಕಡತ ತಮ್ಮ ಮೇಜಿನ ಮೇಲಿದೆಯಂತೆ. ಹಾಗಾಗಿ ತಮಗೇ ಬರೆಯುತ್ತಿದ್ದೇನೆ. ನಲವತ್ತು ವರ್ಷಗಳಿಂದ ಕೆರೆಯ ತೂಬು ತೆಗೆದು, ಮುಚ್ಚಿ, ಕೊನೆಯ ತೆಂಗಿನ ತೋಟದವರೆಗೂ ನೀರು ಹರಿಸುತ್ತಿರುವ ಗೋವಿಂದಯ್ಯನವರಿಗೆ ತಾವು ನೋಟಿಸು ಕೊಟ್ಟಿದ್ದೀರಿ. ಸರ್ಕಾರಿ ಸ್ವತ್ತನ್ನು ಅನುಮತಿಯಿಲ್ಲದೆ ಮುಟ್ಟಿದ್ದಕ್ಕೆ ಏಳು ದಿನದೊಳಗೆ ಉತ್ತರಿಸಬೇಕು, ಇಲ್ಲವಾದರೆ ಪೊಲೀಸರಿಗೆ ದೂರು.

ಅನುಮತಿ ಯಾರು ಕೊಡಬೇಕಿತ್ತು? ಮಹಾರಾಜರ ಕಾಲದಲ್ಲಿ ಸರ್ಕಾರದ ದೊಡ್ಡ ಆದಾಯ ಭೂಕಂದಾಯ. ಗೋವಿಂದಯ್ಯನವರ ತಾತ ಊರಿನ ನೀರಗಂಟಿ. ಕೆರೆ ನೋಡಿಕೊಳ್ಳುವುದಕ್ಕೆ ಪ್ರತಿಯಾಗಿ ಅವರ ಒಂದೂವರೆ ಎಕರೆಗೆ ಕಂದಾಯ ಬಿಟ್ಟಿದ್ದರು. ಬೊಕ್ಕಸದಿಂದ ಕಾಸು ಹೊರಡದೆ ಕೆಲಸ ನಡೆಯುತ್ತಿತ್ತು. ಅರವತ್ತರ ದಶಕದಲ್ಲಿ ಇಂಥ ವಂಶದ ಹುದ್ದೆಗಳು ರದ್ದಾದವು, ಜಮೀನಿಗೆ ಪೂರ್ತಿ ಕಂದಾಯ ಬಿತ್ತು. ಹುಟ್ಟಿನಿಂದ ಅಂಟುವ ಚಾಕರಿ ಹೋದದ್ದು ಒಳ್ಳೆಯದೇ. ಆದರೆ ಆ ಜಾಗಕ್ಕೆ ಸಂಬಳದ ಮನುಷ್ಯ ಬರಬೇಕಿತ್ತಲ್ಲವೇ? ನಮ್ಮೂರಿಗೆ ಯಾರೂ ಬರಲಿಲ್ಲ; ಗೋವಿಂದಯ್ಯನವರ ಮನೆಯವರೇ ಸಂಬಳವಿಲ್ಲದೆ ತೂಬು ನೋಡಿಕೊಂಡು ಬಂದರು. ಆಮೇಲೆ ತೆರಿಗೆ ಹೊಲ ಬಿಟ್ಟು ಅಂಗಡಿಗೆ ಬಂತು. ಇವತ್ತು ಗೋವಿಂದಯ್ಯನವರು ಸೋಪಿಗೆ, ಚಪ್ಪಲಿಗೆ, ತೂಬಿಗೆ ಹೋಗುವಾಗ ಹಿಡಿಯುವ ಟಾರ್ಚಿನ ಶೆಲ್ಲಿಗೂ ತೆರಿಗೆ ಕಟ್ಟುತ್ತಾರೆ. ಬಜೆಟ್ ಪುಸ್ತಕ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. ನಾನು ಕಂಡಂತೆ ನಮ್ಮ ಕೆರೆಗಾಗಿ ಸರ್ಕಾರ ಮಾಡಿದ ಖರ್ಚು ಏರಿಯ ಮೇಲೆ ನೆಟ್ಟ ‘ಇದು ಸರ್ಕಾರಿ ಸ್ವತ್ತು’ ಎಂಬ ಬೋರ್ಡು, ಮತ್ತು ಈಗ ಈ ನೋಟಿಸಿನ ಅಂಚೆ ವೆಚ್ಚ.

ಓದು ಬಾರದ ಗೋವಿಂದಯ್ಯನವರು ಅದನ್ನು ಹಿಡಿದು ಹೆಂಡತಿ ಹನುಮಕ್ಕನ ಜೊತೆ ನಮ್ಮ ಮನೆಗೆ ಬಂದರು.

“ಸಂಬಳದ್ದೇ ಇರ್ಬೇಕು ಕಣವ್ವ, ಸೀಲ್ ಐತೆ,” ಎಂದರು.

“ಇಸ್ತ್ರಿ ಶರ್ಟು ಹಾಕ್ಕೊಂಡ್ ಬಂದವ್ರೆ, ಅದಕ್ಕಾದ್ರೂ ಓದವ್ವ,” ಎಂದು ಹನುಮಕ್ಕ ನಕ್ಕರು.

ನಾನು ಕನ್ನಡ ಎಂ.ಎ. ಮೊದಲ ಸಾಲು ಓದಿದೆ: ‘ತಾವು ಕೆರೆಯ ತೂಬನ್ನು ನಿರ್ವಹಿಸುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ.’ ಮುಂದಿನದರ ಮೇಲೆ ಕಣ್ಣು ಹಾಯಿತು. ಅಲ್ಲಿಗೇ ನಿಲ್ಲಿಸಿದೆ.

“ನೋಡ್ದೇನೇ? ನಾನ್ ಹೇಳ್ಲಿಲ್ವಾ,” ಎಂದು ಗೋವಿಂದಯ್ಯನವರು ಹೆಂಡತಿಯ ಕಡೆ ತಿರುಗಿದರು.

“ಸರ್ಕಾರ್ದೋರು ಈಗ ಕಣ್ಬುಟ್ಟವ್ರೆ ಬುಡು,” ಎಂದರು ಹನುಮಕ್ಕ.

ಅಂದು ಸಂಜೆಯೂ ಅವರು ಉತ್ಸಾಹದಿಂದ ತೂಬಿಗೆ ಹೋದರು. ನಾನು ಓದದೆ ಬಿಟ್ಟ ಸಾಲುಗಳ ಪ್ರಕಾರ ಅದು ಇನ್ನೊಂದು ಅಪರಾಧ. ಅದರಲ್ಲಿ ನನ್ನ ಪಾಲೂ ಇದೆ.

ಏಳು ದಿನಗಳಲ್ಲಿ ಮೂರು ಉಳಿದಿವೆ. ನೋಟಿಸನ್ನು ಹಿಂದಕ್ಕೆ ಪಡೆಯಿರಿ. ತೂಬಿಗೆ ಸಂಬಳದ ಹುದ್ದೆಯೊಂದನ್ನು ಮಂಜೂರು ಮಾಡಿ. ಆ ನೋಟಿಸನ್ನು ಬೇರೆ ಯಾರಾದರೂ ಅವರಿಗೆ ಪೂರ್ತಿ ಓದಿ ಹೇಳುವ ಮೊದಲು ತಮ್ಮ ಆದೇಶ ಬರಲಿ. ಸಾಧ್ಯವಿಲ್ಲವೆಂದಾದರೆ ತಾವೇ ಬಂದು, ಅವರ ಜಗಲಿಯ ಮೇಲೆ ಕುಳಿತು, ಉಳಿದದ್ದನ್ನು ಓದಿ ಹೇಳಿ. ನನ್ನಿಂದ ಆಗುತ್ತಿಲ್ಲ.

ಇಂತಿ,
ಗೋವಿಂದಯ್ಯನವರ ಮುಖ ತಪ್ಪಿಸಿ ಓಡಾಡುತ್ತಿರುವ
ಯೋಗಿತಾ