ಕಡ್ಡಿರಾಂಪುರದಲ್ಲಿ ನಿಲ್ಲುವ ಕುದುರೆ

೫ ಫೆಬ್ರವರಿ ೧೯೩೪, ಸೋಮವಾರ

ಬೆಳಿಗ್ಗೆ ಸಂಡೂರಿನಿಂದ ಕಟ್ಟಿಗೆ ಬಂಡಿ ಬಂದವು. ಪರದೆಯ ಹಿಂದೆ ನಿಂತು ಇಳಿಸಿಕೊಂಡೆ. ನಾನು ಜುಲೇಖಾಬೀ, ಹೊಸಪೇಟೆಯ ಈ ಕಟ್ಟಿಗೆ ಅಡ್ಡೆಯ ಯಜಮಾನಿ. ಬಳ್ಳಾರಿಯಲ್ಲಿ ಹೈಸ್ಕೂಲು ಓದಿದವಳು. ಈ ಮನೆಯಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ. ಆಡುತ್ತಿದ್ದವರು ಅವರೊಬ್ಬರೇ... ಅವರೂ ಹೋದರು.

ಗಂಡ ಸತ್ತವಳು ಒಳಗಿರಬೇಕಾದ ಇದ್ದತ್ತಿನ ಅವಧಿ ಮುಗಿಯಿತು. ಮಧ್ಯಾಹ್ನ ಜಟಕಾ ಹೂಡಿಸಿ ಹಂಪಿಗೆ ಹೊರಟೆ. ಬಾಳೆತೋಟದ ಸುಂಕಪ್ಪ ಹೋದ ವರ್ಷ ಟಗರಿನ ಕಾಳಗದಲ್ಲಿ ಅವರ ಕೂಡ ಪಂಥ ಕಟ್ಟಿ ಸೋತಿದ್ದ. ಈ ಜಟಕಾದ ಕುದುರೆ ಕೊಟ್ಟ. ಹತ್ತು ಚೀಲ ಭತ್ತ ಬಾಕಿ.

ಕಡ್ಡಿರಾಂಪುರದ ಹುಣಸೆಮರದ ಕೆಳಗೆ ಆ ಕುದುರೆ ತಾನೇ ನಿಂತಿತು.

“ಹೊಡಿಯೋ, ಉಚ್ಚೆಂಗಪ್ಪ.”

“ಹೊಡದ್ರೂ ಹೋಗಂಗಿಲ್ರಿ ಅಮ್ಮಾರ. ಸಾಹೇಬ್ರು ಇಲ್ಲೇ ಬೀಡಿ ಸೇದತಿದ್ರು. ಒಂದು ಬೀಡಿ ಹೊತ್ತು ನಿಂತೇ ಹೋಗ್ತೈತಿ.”

ಮನೆಯಲ್ಲಿ ಬೀಡಿ ಕೂಡದೆಂದು ನನ್ನದೇ ಕಟ್ಟಪ್ಪಣೆ. ಸ್ವಲ್ಪ ಹೊತ್ತಿಗೆ ಅದೇ ಹೊರಟಿತು.

ಹಂಪಿಯಲ್ಲಿ ಭತ್ತ ಕೇಳಿದ್ದಕ್ಕೆ ಸುಂಕಪ್ಪ ನಕ್ಕ. “ಅದು ಪಂಥ, ಯಾಪಾರ ಅಲ್ರಿ. ನಿಮ್ಮ ಕಾಜಿ ಸಾಹೇಬ್ರು ಬಾಕಿ ಹೌದು ಅಂದ್ರ ನಾಳೀನೇ ಬಂಡಿಗೆ ಹೇರ್ತೀನಿ.”

“ಬಂಡಿ ತೊಳೆದಿಡು,” ಎಂದು ಬಂದೆ.

೯ ಫೆಬ್ರವರಿ

ಕೆಲಸವೇನೂ ಇರಲಿಲ್ಲ. ಕಡ್ಡಿರಾಂಪುರದ ತನಕ ಹೋಗಿ ಬಂದೆ. ನಿಂತಿತು.

೧೨ ಫೆಬ್ರವರಿ

ಇವತ್ತೂ.

೧೬ ಫೆಬ್ರವರಿ, ಶುಕ್ರವಾರ

ಕಾಜಿಯವರ ಮನೆ. ಪರದೆಯ ಈಚೆಯಿಂದ ಕೇಳಿದೆ.

“ಪಂಥ ಅಂದ್ರೆ ಜೂಜು, ಅದರ ಬಾಕಿ ಬಾಕಿಯೇ ಅಲ್ಲ, ಬೀಬಿ. ಕೇಳೋ ಹಕ್ಕಿಲ್ಲ.”

“ಸರಿ. ಬಿಟ್ಟೆ.”

“ನಿಮ್ಮದಾಗಿದ್ರೆ ತಾನೆ ಬಿಡೋದು? ಆ ಪಂಥದಾಗ ಬೇರೆ ಏನಾರ ಬಂದಿತ್ತಾ?”

ಇಲ್ಲ ಎನ್ನಬಹುದಿತ್ತು. ಹೊರಗೆ ಜಟಕಾದ ಬಳಿ ಗೆಜ್ಜೆಪಟ್ಟಿ ಅಲುಗಿತು.

“ಕುದುರೆ.”

“ಕೊಟ್ಟವನು ಬದುಕಿದ್ದಾನೆ. ಅವನಿಗೇ ಮುಟ್ಟಿಸ್ರಿ. ಅದು ನಮ್ಮದಾಗಲ್ಲ.”

“ಬೆಲೆ ಕೊಟ್ಟರೆ?”

“ಮೊದಲು ಮುಟ್ಟಿಸ್ರಿ. ಆಮೇಲೆ ಅವನು ಮನಸಾರೆ ಮಾರಿದ್ರೆ ಕೊಳ್ರಿ.”

ಭತ್ತ ಕೇಳಲು ಹೋದವಳು ನಾನೇ. ಯಾರು ಹೋಗೆಂದಿದ್ದರು?

೨ ಮಾರ್ಚ್

ಎರಡು ವಾರ ಬರೆದಿಲ್ಲ. ದಿನಾ ಕಡ್ಡಿರಾಂಪುರ. ಇನ್ನೊಂದು ದಿನ, ಇನ್ನೊಂದು ದಿನ ಎಂದು... ಅವರು ಮಣ್ಣಿನಲ್ಲಿದ್ದಾರೆ. ನಾನು ಅವರ ಮೇಲೆ ಇನ್ನೊಬ್ಬರ ಸೊತ್ತಿನ ಋಣ ಹೊರಿಸಿ ಸವಾರಿ ಮಾಡುತ್ತಿದ್ದೇನೆ.

೩ ಮಾರ್ಚ್, ಸಂಜೆ

ಕೊಟ್ಟು ಬಂದೆ.

ಬೆಲೆ ಮಾತಾಡಲೆಂದು ಹಣ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಸುಂಕಪ್ಪ, “ಏ ನನ್ನಪ್ಪಾ, ಬಂದ್ಯಾ!” ಎಂದ. ಕುದುರೆ ಅವನ ಕಂಕುಳಲ್ಲಿ ಮುಖ ತೂರಿಸಿತು. ಗಂಟು ಬಿಚ್ಚಲಿಲ್ಲ.

“ಭತ್ತ, ಅಮ್ಮಾರ?”

“ಅದೂ ಬ್ಯಾಡ.”

“ಹಂಗಾರ ನಾ ಸೋತಿಲ್ಲೇನ್ರಿ?”

“ಸೋತಿದ್ದೀ. ಕೊಡೋದು ಮಾತ್ರ ಇಲ್ಲ.”

ಅವನ ನಗು ಅರ್ಧಕ್ಕೆ ನಿಂತಿತು. “ಸಾಹೇಬ್ರು ಇದ್ದಿದ್ರ ಇದಕ್ಕ ಭಾಳ ನಗತಿದ್ರು ನೋಡ್ರಿ,” ಎಂದು ಮುಖ ತಿರುಗಿಸಿದ.

ಬಾಡಿಗೆ ಎತ್ತಿನ ಗಾಡಿಯಲ್ಲಿ ವಾಪಸ್ಸು. ಎತ್ತುಗಳು ಹುಣಸೆಮರ ದಾಟಿ ಹೋಗುತ್ತಲೇ ಇದ್ದವು. ನಿಲ್ಲಿಸೆಂದೆ.

“ಬೀಡಿ ಹಚ್ಚೋ, ಉಚ್ಚೆಂಗಪ್ಪ.”

“ನಿಮ್ಮ ಎದುರಿಗೆ ಹೆಂಗ್ರಿ ಅಮ್ಮಾರ...”

“ಹಚ್ಚು.”

ಪರದೆ ಸರಿಸಿದೆ. ಹೊಗೆ ಈ ಕಡೆಗೇ ಬಂತು. ಅವರ ಅಂಗಿಯ ವಾಸನೆ—