ದಿಂಬನ್ನು ಮನೆಗೆ ಕಳಿಸಬೇಡಿ

ಸಿಸ್ಟರ್ ಅವರಿಗೆ ನಮಸ್ಕಾರ.

ಈಗ ಬೆಳಿಗ್ಗೆ ಹತ್ತೂವರೆ. ನನ್ನ ಹೃದಯದ ಬಳಿ ಕೂರಿಸಿದ ಯಂತ್ರದ ಲೆಕ್ಕವನ್ನು ನಿಮಗೆ ಕಳಿಸುವ ದಿಂಬಿನ ಮೇಲೆ ಇವತ್ತೂ ಏಳು ಗಂಟೆಗೆ ಮಲಗಿದ್ದೆ. ಮಗ ಕಾಲು ಹಿಡಿದು ನೆಲಕ್ಕೆಳೆದ. "ಅಮ್ಮ ಉಸಿರು ಸಿಗದೆ ಒದ್ದಾಡಿ ಸತ್ಲು. ಅವಳಿಗಿಲ್ಲದ ಮಿಷನ್ ನಿನಗ್ಯಾಕೋ ಮುದುಕ?" ಎಂದು ಮುಖಕ್ಕೆ ಒದ್ದ. ಆಮೇಲೆ ನನ್ನದೇ ಹೊಲಿಗೆ ಕತ್ತರಿಯಿಂದ ದಿಂಬನ್ನು ಇರಿದು ಇರಿದು ಸೀಳಿದ. ಅವನ ಅಂಗೈಯೂ ಕುಯ್ದುಹೋಯಿತು. ಬಟ್ಟೆ ಕಟ್ಟಿದವನು ನಾನೇ.

ಹೋದ ವಾರ ದಿಂಬಿನ ಲೆಕ್ಕದಲ್ಲಿ ಒತ್ತಡ ಏರಿದಾಗ ನೀವು ಫೋನಿನಲ್ಲಿ, "ಏನಜ್ಜಾ, ಕದ್ದು ಉಪ್ಪು ತಿಂದ್ರಾ?" ಎಂದು ನಕ್ಕಿರಿ. ಹೌದೆಂದೆ. ಅದು ಸುಳ್ಳು. ಮೈಯ ನೀರಿಳಿಸುವ ಮಾತ್ರೆಗಳನ್ನು ಮಗ ಬಚ್ಚಲಿಗೆ ಸುರಿದಿದ್ದ. ನೀವು ಪಾಪ, ಮಾತ್ರೆ ಎರಡು ಪಟ್ಟು ತಗೊಳ್ಳಲು ಹೇಳಿದಿರಿ. ಅವನ್ನೂ ಸುರಿದ. ಈಗ ನನ್ನ ಪಾದ ಊದಿ ಚಪ್ಪಲಿಯೊಳಗೆ ಹಿಡಿಸುವುದಿಲ್ಲ.

ನನ್ನ ಹೆಂಡತಿಯ ಕೆಮ್ಮನ್ನು ನಾನು ಬರೀ ಶೀತವೆಂದುಕೊಂಡಿದ್ದೆ. ಅದಕ್ಕೇ ಇಷ್ಟು ದಿನ ಸುಮ್ಮನೆ ಒದೆ ತಿಂದೆ.

ದಯವಿಟ್ಟು ಹೊಸ ದಿಂಬನ್ನು ಮನೆಗೆ ಕಳಿಸಬೇಡಿ, ಫೋನೂ ಮಾಡಬೇಡಿ. ನನ್ನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಿ. ಪತ್ರವನ್ನು ಪಕ್ಕದ ಮನೆಯಾಕೆ ತರುತ್ತಾರೆ. ಇವತ್ತು ಅವನು ಮನೆಯಲ್ಲೇ ಇದ್ದಾನೆ. ನಾಳೆ ಎಂಟಕ್ಕೆ ಕೆಲಸಕ್ಕೆ ಹೋಗುತ್ತಾನೆ. ಎಂಟೂವರೆಯ ಬಸ್ಸಿಗೆ ನಾನು ಬರುತ್ತೇನೆ.

ಇಂತಿ,
ನಿಮ್ಮ ಟೈಲರ್ ಅಜ್ಜ